ಕೋಟೆಯ ಗೋಡೆ, ಸುರಂಗದ ಬಾಯಿ

ಬೆಂಕಿಯು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹಬ್ಬದಂತೆ ಕಟ್ಟುವ ಗೋಡೆಗೆ ಇಂಗ್ಲಿಷಿನಲ್ಲಿ ‘ಫೈರ್‌ವಾಲ್’ ಎಂದು ಹೆಸರು. ಗಣಕಲೋಕವು ಈ ಹೆಸರನ್ನು ಎರವಲು ಪಡೆದುದಕ್ಕೆ ಕಾರಣವಿತ್ತು. 1988ರ ನವೆಂಬರ್ 2ರಂದು ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿ ಹರಿಯಬಿಟ್ಟ ‘ಹುಳು’ವೊಂದು ಸಾವಿರಾರು ಯಂತ್ರಗಳನ್ನು ನಿಶ್ಚಲಗೊಳಿಸಿತು. ಅಂತರಜಾಲವು ಪರಸ್ಪರ ನಂಬಿಕೆಯಿಂದ ಬಾಳುವ ಸಣ್ಣ ಊರಾಗಿ ಉಳಿದಿಲ್ಲವೆಂಬುದು ಅಂದು ಎಲ್ಲರಿಗೂ ಮನದಟ್ಟಾಯಿತು. ಬೆಲ್ ಪ್ರಯೋಗಾಲಯದ ಚೆಸ್ವಿಕ್, ಬೆಲೊವಿನ್ ಮೊದಲಾದವರು ಕಾವಲುಗೋಡೆಯ ಶಾಸ್ತ್ರವನ್ನು ರೂಪಿಸಿದರು. ಬರುವ ಪ್ರತಿಯೊಂದು ಪೊಟ್ಟಣದ ವಿಳಾಸವನ್ನೂ ಅದು ಹೋಗಬೇಕಾದ ಬಾಗಿಲಿನ ಸಂಖ್ಯೆಯನ್ನೂ ನೋಡಿ ಒಳಬಿಡುವುದು, ಇಲ್ಲವೇ ತಡೆಯುವುದು ಅದರ ಕೆಲಸ.

ಆದರೆ ತಮ್ಮವರೇ ಹೊರಗಿದ್ದರೆ? ದೂರದ ಶಾಖೆಗೆ ಪ್ರತ್ಯೇಕ ತಂತಿಯನ್ನು ಬಾಡಿಗೆಗೆ ಹಿಡಿಯುವುದು ದುಬಾರಿಯ ಬಾಬತ್ತು. ಸಾರ್ವಜನಿಕ ಹಾದಿಯಲ್ಲಿಯೇ ಗೂಢಲಿಪಿಯ ಸುರಂಗವೊಂದನ್ನು ತೋಡುವ ಉಪಾಯ ಹುಟ್ಟಿದ್ದು ಹೀಗೆ. 1995ರಲ್ಲಿ ಐಪಿಸೆಕ್ ನಿಯಮಗಳು ಪ್ರಕಟವಾದವು. ಮರುವರ್ಷ ಮೈಕ್ರೋಸಾಫ್ಟ್ ಮತ್ತು ಸಂಗಡಿಗರ ಪಿಪಿಟಿಪಿ ಬಂದಿತು. ಇವೇ ‘ವಿಪಿಎನ್’ನ ಮೊದಲ ದಿನಗಳು.

ಇಲ್ಲಿಯೇ ಒಂದು ವಿರೋಧಾಭಾಸವಿದೆ. ಕಾವಲುಗಾರ ನೋಡಬಯಸುತ್ತಾನೆ, ಸುರಂಗ ಮರೆಮಾಡಬಯಸುತ್ತದೆ. ಪಿಪಿಟಿಪಿಗೆ 1723ನೆಯ ಬಾಗಿಲೊಂದನ್ನೇ ತೆರೆದರೆ ಮಾತುಕತೆ ಆರಂಭವಾಗುತ್ತದೆ, ಸರಕು ಮಾತ್ರ ಸಾಗುವುದಿಲ್ಲ. ಅದನ್ನು ಹೊರುವ ‘ಜಿಆರ್‌ಇ’ ಎಂಬ ಬೇರೆಯೇ ವಾಹನಕ್ಕೂ ಅನುಮತಿ ಬೇಕು. ಐಪಿಸೆಕ್‌ನ ಪಾಡು ಇನ್ನೂ ಕಷ್ಟದ್ದು. ಗೋಡೆಯು ಪೊಟ್ಟಣದ ವಿಳಾಸವನ್ನು ಬದಲಿಸಿದರೆ, ಅದರ ಒಂದು ಬಗೆಯು ಅದನ್ನು ಯಾರೋ ತಿದ್ದಿದ ಪತ್ರವೆಂದೇ ಬಗೆದು ತಿರಸ್ಕರಿಸುತ್ತದೆ. ಇನ್ನೊಂದು ಬಗೆಗೆ ಬಾಗಿಲಿನ ಸಂಖ್ಯೆಯೇ ಇಲ್ಲ. ಈ ಎರಡನೆಯದನ್ನು ಸಾಮಾನ್ಯ ಲಕೋಟೆಯಲ್ಲಿರಿಸಿ 4500ನೆಯ ಬಾಗಿಲಿನಿಂದ ಕಳುಹಿಸುವ ಕ್ರಮವು ಅಧಿಕೃತವಾದುದು 2005ರಲ್ಲಿ.

ಇನ್ನು ಸುರಂಗದ ಬಾಯಿ ಎಲ್ಲಿರಬೇಕು? ಗೋಡೆಯ ಹೊರಗಿದ್ದರೆ ಅದಕ್ಕೆ ರಕ್ಷಣೆಯಿಲ್ಲ. ಒಳಗಿದ್ದರೆ ಗೋಡೆಯು ಮುಚ್ಚಿದ ಪೆಟ್ಟಿಗೆಯನ್ನು ಕಣ್ಣುಮುಚ್ಚಿ ಒಳಬಿಡಬೇಕು. ಗೋಡೆಗೆ ಹೊಂದಿಕೊಂಡ ಪ್ರತ್ಯೇಕ ಅಂಗಳದಲ್ಲಿ ಪೆಟ್ಟಿಗೆಯನ್ನು ಬಿಚ್ಚಿ, ಬಿಚ್ಚಿದ ಸರಕನ್ನು ಮತ್ತೊಮ್ಮೆ ತಪಾಸಣೆಗೆ ಒಡ್ಡುವುದು ಮೂರನೆಯ ದಾರಿ. ಈ ಅಂಗಳಕ್ಕೆ ‘ಸೇನಾರಹಿತ ವಲಯ’ವೆಂದು ಹೆಸರು. ಖರ್ಚು ಹೆಚ್ಚಾದರೂ ನನಗೆ ಸರಿಯೆನಿಸುವುದು ಇದೇ. ಕಿಂಡಿಯಿದ್ದೆಡೆ ಕಾವಲೂ ಇರಬೇಕೆಂಬುದನ್ನು ಓಬವ್ವನ ಕಥೆ ಕೇಳಿ ಬೆಳೆದವರಿಗೆ ಬಿಡಿಸಿ ಹೇಳಬೇಕೆ?

2001ರ ಓಪನ್‌ವಿಪಿಎನ್, 2020ರಲ್ಲಿ ಲಿನಕ್ಸ್‌ನ ತಿರುಳಿಗೆ ಸೇರಿದ ವೈರ್‌ಗಾರ್ಡ್ ಒಂದೇ ಬಾಗಿಲಿನಿಂದ ಹಾಯಬಲ್ಲವು. ಗೋಡೆಯೊಡನೆ ಜಗಳ ಬಹಳಮಟ್ಟಿಗೆ ತಗ್ಗಿತು. ಆದರೆ ಮರೆತ ಬಾಯಿಗಳ ಮಾತೇ ಬೇರೆ. 2021ರ ಮೇ ತಿಂಗಳಿನಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಸಂಸ್ಥೆಯು ಸುಮಾರು 8,850 ಕಿಲೋಮೀಟರುಗಳ ತನ್ನ ಇಂಧನ ಕೊಳವೆಮಾರ್ಗವನ್ನು ಕೆಲವು ದಿನ ನಿಲ್ಲಿಸಬೇಕಾಯಿತು. ಪೆಟ್ರೋಲ್ ಬಂಕುಗಳ ಮುಂದೆ ವಾಹನಗಳ ಸಾಲು ಬೆಳೆಯಿತು. ಸುಲಿಗೆಕೋರರಿಗೆ ಸಂಸ್ಥೆ ತೆತ್ತುದು 75 ಬಿಟ್‌ಕಾಯಿನ್, ಎಂದರೆ ಅಂದಿನ ಬೆಲೆಯಲ್ಲಿ ಸುಮಾರು 44 ಲಕ್ಷ ಡಾಲರು. ಅವರು ನುಗ್ಗಿದ್ದು ಗೋಡೆಯನ್ನು ಒಡೆದಲ್ಲ. ಬಳಕೆಯಲ್ಲಿರಬಾರದಾಗಿದ್ದ ಹಳೆಯ ವಿಪಿಎನ್ ಖಾತೆಯೊಂದು ಮುಚ್ಚದೆ ಉಳಿದಿತ್ತು. ಅದಕ್ಕೆ ಗುಪ್ತಪದವೊಂದರ ಹೊರತು ಬೇರೆ ಬೀಗವಿರಲಿಲ್ಲ.