ಮಿಲಾನ್ ಕೋಟೆಯಲ್ಲಿ ಕಂಡ ಹಿಪ್ಪುನೇರಳೆ

ಮಿಲಾನ್ ನಗರಕ್ಕೆ ಹೋದವರೆಲ್ಲ ಮೊದಲು ನೋಡುವುದು ಅಲ್ಲಿಯ ಮಹಾ ಇಗರ್ಜಿಯನ್ನು. 1386ರಲ್ಲಿ ಕಟ್ಟಲು ತೊಡಗಿದ ಆ ಕಟ್ಟಡಕ್ಕೆ ಕೊನೆಯ ಬಾಗಿಲನ್ನು ಕೂರಿಸಿದ್ದು 1965ರಲ್ಲಂತೆ. ನಮ್ಮೂರ ಮೋರಿಯ ಕೆಲಸ ಎರಡು ವರ್ಷ ತಡವಾದರೆ ಕೂಗಾಡುವ ನಾನು ಅದರ ಮುಂದೆ ನಿಂತು ಸುಮ್ಮನಾದೆ. 2019ರ ಬೇಸಿಗೆ ರಜೆಯ ಕೊನೆಯಲ್ಲಿ, ಅಲ್ಲಿ ಉದ್ಯೋಗದಲ್ಲಿರುವ ನನ್ನ ಭಾವಮೈದುನನ ಒತ್ತಾಯಕ್ಕೆ ಹೋದವನು ನಾನು. ಇಗರ್ಜಿಯ ವರ್ಣನೆಯನ್ನು ಪ್ರವಾಸದ ಪುಸ್ತಕಗಳಿಗೆ ಬಿಡುತ್ತೇನೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು.

ಊರಿನ ನಡುವೆ ಸ್ಫೋರ್ಜಾ ವಂಶದ ದೊರೆಗಳ ಕೋಟೆಯಿದೆ. ಅದರೊಳಗೆ ಒಂದು ದೊಡ್ಡ ಕೋಣೆ. ಅದರ ಚಾವಣಿಗೆ 1498ರಲ್ಲಿ ಚಿತ್ರ ಬರೆದವನು ಲಿಯೊನಾರ್ಡೊ ಡ ವಿಂಚಿ. ಆ ವರ್ಷ ಅವನು ತೀರಿಕೊಂಡು ಐನೂರು ವರ್ಷವಾಗಿದ್ದರಿಂದ, ದುರಸ್ತಿಗಾಗಿ ಮುಚ್ಚಿದ್ದ ಕೋಣೆಯನ್ನು ಜನರಿಗೆ ತೆರೆದಿದ್ದರು. ಕತ್ತೆತ್ತಿ ನೋಡಿದರೆ ಗೋಡೆಯ ಸುತ್ತಲಿಂದ ಮೇಲೇರಿದ ಮರಗಳು, ಒಂದಕ್ಕೊಂದು ಹೆಣೆದುಕೊಂಡ ಕೊಂಬೆಗಳು, ಅವುಗಳ ನಡುವೆ ಸುತ್ತಿಬಂದ ಹೊನ್ನಿನ ಹಗ್ಗ. ಎಲೆಯನ್ನು ನೋಡಿದೆ. ಎಲ್ಲೋ ಕಂಡ ಎಲೆ. ಭಾವಮೈದುನ ಫಲಕವನ್ನು ಓದಿ ಹೇಳುವ ಮೊದಲೇ ನನ್ನ ಬಾಯಿಂದ ಬಂತು: “ಅಯ್ಯೋ, ಇದು ನಮ್ಮ ಸೊಪ್ಪು!”

ಶಿಡ್ಲಘಟ್ಟದ ಸೀಮೆಯಲ್ಲಿ ಸೊಪ್ಪು ಎಂದರೆ ಹಿಪ್ಪುನೇರಳೆಯೇ. ತಿನ್ನುವ ಸೊಪ್ಪಿಗೆ ಬೇರೆ ಹೆಸರುಗಳುಂಟು. ನಾಲ್ಕನೆಯ ಜ್ವರ ಎದ್ದ ಹುಳುಗಳು ಸೊಪ್ಪು ಮೇಯುವಾಗ ತಟ್ಟೆಯಿಂದ ಬರುವ ಮಳೆಹನಿಯಂಥ ಸದ್ದನ್ನು ಕೇಳುತ್ತ ನಿದ್ದೆಹೋದ ಹುಡುಗ ನಾನು. ಮಿಲಾನಿನ ದೊರೆ ಲುಡೊವಿಕೊನಿಗೆ ‘ಮೋರೊ’ ಎಂಬ ಅಡ್ಡಹೆಸರಿತ್ತು. ಅಲ್ಲಿಯ ಭಾಷೆಯಲ್ಲಿ ಹಿಪ್ಪುನೇರಳೆಗೂ ಅದೇ ಹೆಸರು. ಈ ಶ್ಲೇಷೆಯನ್ನು ಹಿಡಿದೇ ಲಿಯೊನಾರ್ಡೊ ದೊರೆಯ ತಲೆಯ ಮೇಲೆ ಈ ತೋಪನ್ನು ಬೆಳೆಸಿದ. ಮರುವರ್ಷವೇ ಫ್ರೆಂಚರು ಬಂದರು, ದೊರೆ ಊರು ಬಿಟ್ಟ. ಮುಂದೆ ಕೋಟೆ ಸೈನಿಕರ ಬೀಡಾಗಿ, ಚಿತ್ರದ ಮೇಲೆ ಸುಣ್ಣ ಬಿತ್ತು. ಅದು ಮತ್ತೆ ಬೆಳಕಿಗೆ ಬಂದದ್ದು 1893ರಲ್ಲಿ.

ಆ ಹೊತ್ತಿಗೆ ಲೊಂಬಾರ್ಡಿಯ ಹಳ್ಳಿಹಳ್ಳಿಯಲ್ಲೂ ಹುಳು ಸಾಕುತ್ತಿದ್ದರು. ಮಿಲಾನ್ ರೇಷ್ಮೆಯ ದೊಡ್ಡ ಪೇಟೆಯಾಗಿತ್ತು. ಆದರೆ ಅದಕ್ಕೆ ಮುಂಚೆ, ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ, ಅವರ ಹುಳುಗಳಿಗೆ ಗಂಟುರೋಗ ಹತ್ತಿತ್ತು. ಇಟಲಿಯ ವ್ಯಾಪಾರಿಗಳು ರೋಗವಿಲ್ಲದ ಮೊಟ್ಟೆಯನ್ನು ಅರಸಿ ಜಪಾನಿನವರೆಗೂ ಅಲೆದರು. ಫ್ರಾನ್ಸಿನಲ್ಲಿ ಪಾಶ್ಚರನು 1865ರಿಂದ ಈ ರೋಗದ ಬೆನ್ನು ಹತ್ತಿ, ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗ ಕಂಡರೆ ಅದರ ಮೊಟ್ಟೆಯನ್ನು ನಾಶಮಾಡುವ ಕ್ರಮವನ್ನು ಕಂಡುಹಿಡಿದ. ನಮ್ಮ ಮೊಟ್ಟೆ ಕೇಂದ್ರಗಳಲ್ಲಿ ಇಂದಿಗೂ ನಡೆಯುವುದು ಅದೇ ಪರೀಕ್ಷೆ.

ಟಿಪ್ಪುವಿನ ಕಾಲದಲ್ಲಿ ಮೈಸೂರು ಸೀಮೆಗೆ ಬಂದ ಈ ಕಸುಬನ್ನೂ ರೋಗ ಬಿಡಲಿಲ್ಲ. 1860ರ ದಶಕದಲ್ಲಿ ದೆ ವೆಕ್ಕಿ ಎಂಬ ಇಟಲಿಯವನು ಬೆಂಗಳೂರಿನಲ್ಲಿ ನೂಲು ತೆಗೆಯುವ ಕಾರ್ಖಾನೆಯನ್ನು ಹೂಡಿ, ಜಪಾನಿನ ಮೊಟ್ಟೆಯನ್ನು ತರಿಸಿ, ಹುಳುವಿನ ತಳಿಯನ್ನು ಉಳಿಸಲು ಹೆಣಗಿದ. ಅವನ ಹೆಸರು ನಮ್ಮ ರೇಷ್ಮೆಯ ಊರುಗಳಲ್ಲಿ ಯಾರಿಗೂ ನೆನಪಿಲ್ಲ.

ನಮ್ಮವರೊಬ್ಬರು ಇಟಲಿಗೆ ಹೋದದ್ದು ಮಾತ್ರ ಎಲ್ಲರಿಗೂ ಗೊತ್ತು. ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಮುಂಬಯಿಯ ಸೇವೆಯನ್ನು ಬಿಟ್ಟು ಪ್ರವಾಸ ಹೊರಟಿದ್ದರು. 1908ರ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ನಿಜಾಮರ ಸರ್ಕಾರದ ಕರೆ ಅವರನ್ನು ಮುಟ್ಟಿದ್ದು ಅವರು ಇಟಲಿಯಲ್ಲಿದ್ದಾಗ. ಕರೆ ಬಂದೊಡನೆ ಹಡಗು ಹತ್ತಿದರೆಂದು ಚಿಕ್ಕಂದಿನಲ್ಲಿ ನಮಗೆ ಮೇಷ್ಟರು ಹೇಳುತ್ತಿದ್ದರು. ಹಾಗಲ್ಲ, ನೋಡಬೇಕಾದುದನ್ನೆಲ್ಲ ನೋಡಿ, ಅಮೆರಿಕವನ್ನೂ ಸುತ್ತಿಕೊಂಡೇ 1909ರಲ್ಲಿ ಹೈದರಾಬಾದಿಗೆ ಬಂದರು. ನನಗೇನೋ ಮೇಷ್ಟರ ಕಥೆಗಿಂತ ಇದೇ ಅವರ ಸ್ವಭಾವಕ್ಕೆ ಹೊಂದುವಂತೆ ಕಾಣುತ್ತದೆ. ಅವರ ಕಣ್ಣಿಗೆ ಪ್ರವಾಸವೂ ಕೆಲಸವೇ. 1912ರಲ್ಲಿ ದಿವಾನರಾದ ಮೇಲೆ, ವಾಷಿಂಗ್ಟನ್ ಮಾರಿ ಎಂಬ ಇಟಲಿಯ ರೇಷ್ಮೆ ತಜ್ಞನನ್ನು ಮೈಸೂರಿಗೆ ಕರೆಸಿದರು. ಚನ್ನಪಟ್ಟಣದಲ್ಲಿ ರೇಷ್ಮೆ ಕ್ಷೇತ್ರವಾಯಿತು.

ಕೋಟೆಯಿಂದ ಹೊರಬಿದ್ದ ಮೇಲೆ ಭಾವಮೈದುನನನ್ನು ಕೇಳಿದೆ: “ಈಗ ಹುಳು ಸಾಕುವ ಹಳ್ಳಿ ಇಲ್ಲಿ ಯಾವುದಿದೆ? ಒಂದು ಸಲ ನೋಡಿಬರೋಣ.” ಅವನು ನಕ್ಕ. “ಎಲ್ಲಿಯ ಹುಳು ಭಾವ? ಅದೆಲ್ಲ ಮುಗಿದು ಎಷ್ಟೋ ಕಾಲವಾಯಿತು.” ಮಾರನೆಯ ದಿನ ರೈಲಿನಲ್ಲಿ ಕೋಮೊ ಪಟ್ಟಣಕ್ಕೆ ಕರೆದೊಯ್ದ. ಜಗತ್ತಿನ ಸೊಗಸುಗಾರರೆಲ್ಲ ಕೊಳ್ಳುವ ರೇಷ್ಮೆ ಬಟ್ಟೆಗೆ ಬಣ್ಣವೂ ಅಚ್ಚೂ ಬೀಳುವುದು ಅಲ್ಲಿ. ನೂಲು ಮಾತ್ರ ಬಹುಪಾಲು ಚೀನಾದ್ದು. ಮೊದಲು ಜಪಾನಿನ ಅಗ್ಗದ ನೂಲು, ಆಮೇಲೆ ಕೃತಕ ರೇಷ್ಮೆ, ಅದರ ಮೇಲೆ ಯುದ್ಧ. ಕಾರ್ಖಾನೆಯ ಕೂಲಿ ಸಿಕ್ಕವರು ಹುಳುವಿನ ತಟ್ಟೆಯ ಕಡೆಗೆ ತಿರುಗಿ ನೋಡಲಿಲ್ಲ. ಚೀನಾ ನೂಲು ಎಂಬ ಮಾತನ್ನು ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಎಷ್ಟು ಸಲ ಕೇಳಿಲ್ಲ! ಅದು ಬಂತೆಂದರೆ ಗೂಡಿನ ಬೆಲೆ ಬೀಳುತ್ತದೆ. ಬೆಲೆ ಬಿದ್ದ ವರ್ಷ ನಮ್ಮ ಬೀದಿಯಲ್ಲಿ ಮದುವೆಗಳು ಮುಂದಕ್ಕೆ ಹೋಗುತ್ತವೆ. ಸಾವಿರ ಅಡಿ ಕೊರೆದ ಕೊಳವೆಬಾವಿಯ ನೀರಿನಲ್ಲಿ ಬೆಳೆದ ಸೊಪ್ಪು ನಮ್ಮದು. ಕೋಮೊದ ಕೆರೆ ದಡದಲ್ಲಿ ನನಗೆ ಕಾಫಿ ರುಚಿಸಲಿಲ್ಲ.

ಊರಿಗೆ ಬಂದು ಅಪ್ಪನಿಗೆ ಚಾವಣಿಯ ಪಟವನ್ನು ತೋರಿಸಿದೆ. ನಲವತ್ತು ವರ್ಷ ಚರಕದ ಬಿಸಿನೀರಿನಲ್ಲಿ ಕೈಯಾಡಿಸಿ ಬೆರಳ ತುದಿಗಳು ಬೆಳ್ಳಗಾಗಿರುವ ಮನುಷ್ಯ. ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ.

“ಸೊಪ್ಪೇ. ಆದರೆ ಇಷ್ಟು ಎತ್ತರ ಬಿಟ್ಟವ್ರಲ್ಲ, ಕೊಯ್ಯೋರು ಯಾರಪ್ಪ?”

“ಆಗ ಮರ ಹತ್ತಿ ಕೊಯ್ತಿದ್ರಂತೆ, ಅಪ್ಪ.”

“ಈಗ?”

“ಈಗ ಯಾರೂ ಇಲ್ಲ.”

ಮೊಬೈಲನ್ನು ನನ್ನ ಕೈಗೆ ಕೊಟ್ಟು, ಇವತ್ತು ಗೂಡು ಎಷ್ಟಕ್ಕೆ ಹೋಯಿತೆಂದು ಕೇಳಿಬರಲು ಎದ್ದುಹೋದ.