ತಾಲೀಮು ಮತ್ತು ಸಾಕ್ಷ್ಯ: ಅಮೆರಿಕದ ಆಪ್ಟೊಮೆಟ್ರಿ ಪ್ರವೇಶ ಸಂದರ್ಶನದ ಪೂರ್ವಸಿದ್ಧತೆ ಕುರಿತು

ಅಮೆರಿಕದಲ್ಲಿ ಆಪ್ಟೊಮೆಟ್ರಿಸ್ಟ್ ಆಗಬೇಕಾದವರು ಸಾಮಾನ್ಯವಾಗಿ ಪದವಿ ಮುಗಿಸಿ, ಆಮೇಲೆ ನಾಲ್ಕು ವರ್ಷ ಓದಿ ಓ.ಡಿ. ಎಂಬ ವೃತ್ತಿಪದವಿ ಪಡೆಯುತ್ತಾರೆ. ನೇತ್ರ ಶಸ್ತ್ರವೈದ್ಯರ ಎಂ.ಡಿ. ದಾರಿಯೇ ಬೇರೆ. ಅರ್ಜಿಗಳು ಆಪ್ಟಮ್‌ಕ್ಯಾಸ್ ಎಂಬ ಕೇಂದ್ರ ವ್ಯವಸ್ಥೆಯ ಮೂಲಕ ಹೋಗುತ್ತವೆ. ಓ.ಎ.ಟಿ. ಎಂಬ ಪ್ರವೇಶ ಪರೀಕ್ಷೆ ಭೌತಶಾಸ್ತ್ರ, ನಿಸರ್ಗ ವಿಜ್ಞಾನ, ಗಣಿತ ಹಾಗೂ ಓದಿ ಗ್ರಹಿಸುವ ಶಕ್ತಿಯನ್ನು ಅಳೆಯುತ್ತದೆ. ಇವೆರಡನ್ನೂ ದಾಟಿದವರಿಗೆ ಸಂದರ್ಶನದ ಕರೆ ಬರುತ್ತದೆ. ಹಲವು ಶಾಲೆಗಳು ಅರ್ಜಿ ಬಂದ ಹಾಗೆಲ್ಲ ತೀರ್ಮಾನಿಸುತ್ತ ಹೋಗುವುದರಿಂದ, ತಡವಾಗಿ ಬಂದವನಿಗೆ ಉಳಿದಿರುವ ಸೀಟೇ ಕಡಿಮೆ.

ಇಂಥ ಸಂದರ್ಶನಕ್ಕೆ ತಯಾರಾಗುವುದೆಂದರೆ ಏನು? ಪ್ರಚಲಿತ ಸಲಹೆಗಳು ತಯಾರಿಯನ್ನು ತಾಲೀಮೆಂದೇ ತಿಳಿದಿವೆ: ಪ್ರಶ್ನೆಗಳ ಪಟ್ಟಿ, ಬಾಯಿಪಾಠದ ಉತ್ತರ, ಕನ್ನಡಿಯ ಮುಂದೆ ಅಭ್ಯಾಸ. ಸಂದರ್ಶನವನ್ನು ಕುರಿತು ನಡೆದಿರುವ ಸಂಶೋಧನೆಯನ್ನು ಗಮನಿಸಿದರೆ ಈ ತಿಳಿವಳಿಕೆ ಹೆಚ್ಚು ದೂರ ನಡೆಯುವುದಿಲ್ಲ. ಅಭ್ಯರ್ಥಿ ಒದಗಿಸಬೇಕಾದದ್ದು ಸಾಕ್ಷ್ಯ, ಅದನ್ನು ಹಿಂದಿನ ರಾತ್ರಿ ಕೂತು ತಯಾರಿಸಲು ಬರುವುದಿಲ್ಲ ಎಂಬುದು ಇಲ್ಲಿನ ವಾದ.

ಮೊದಲು ಸಂದರ್ಶಕರ ಕಡೆಯಿಂದ ನೋಡೋಣ. 1979ರಲ್ಲಿ ಹ್ಯೂಸ್ಟನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆ ಸಂದರ್ಶನ ನಡೆಸಿ 150 ಮಂದಿಯನ್ನು ಆರಿಸಿಕೊಂಡಿತ್ತು. ಅಷ್ಟರಲ್ಲಿ ಇನ್ನೂ 50 ವಿದ್ಯಾರ್ಥಿಗಳನ್ನು ತೆಗೆದುಕೊಳ್ಳಬೇಕೆಂದು ರಾಜ್ಯದ ಶಾಸನಸಭೆ ಹೇಳಿತು. ಪಟ್ಟಿಯ ಮೇಲ್ಭಾಗದವರು ಆಗಲೇ ಬೇರೆಡೆ ಸೇರಿಯಾಗಿತ್ತು, ಸಿಕ್ಕಿದವರು ಸಮಿತಿ ಬೇಡವೆಂದು ಬದಿಗಿಟ್ಟಿದ್ದ ತಳದ ಕ್ರಮಾಂಕದವರು. ಡಿವಾಲ್ ಮತ್ತು ಸಂಗಡಿಗರು ಈ ಎರಡೂ ಗುಂಪುಗಳನ್ನು ಹೋಲಿಸಿ 1987ರಲ್ಲಿ ಜಾಮಾ ಪತ್ರಿಕೆಯಲ್ಲಿ ಬರೆದರು. ಓದು ಬಿಟ್ಟವರ ಪ್ರಮಾಣದಲ್ಲಾಗಲಿ, ಪರೀಕ್ಷೆಯ ಫಲಿತಾಂಶದಲ್ಲಾಗಲಿ, ರೋಗಿಗಳ ಬಳಿಯ ಕೆಲಸದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಗುಂಪುಗಳ ನಡುವಿನ ಅಂತರ ಬಹುಪಾಲು ಸಂದರ್ಶನ ಸಮಿತಿಯ ಅಭಿಪ್ರಾಯದಲ್ಲೇ ಇತ್ತು. ಅದು ವೈದ್ಯಕೀಯ ಶಾಲೆಯ ಕತೆ, ಆಪ್ಟೊಮೆಟ್ರಿಯದಲ್ಲ ಎಂಬ ಆಕ್ಷೇಪ ನ್ಯಾಯವೇ. ಆದರೂ ಎದುರಿಗೆ ಕೂತವರನ್ನು ಕಂಡು ಮೆಚ್ಚುವ ಮನಸ್ಸು ಎರಡು ಕಡೆಯೂ ಒಂದೇ.

ಹಾಗೆಂದು ಸಂದರ್ಶನವನ್ನೇ ತಳ್ಳಿಹಾಕುವಂತಿಲ್ಲ. ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ, ಉತ್ತರಕ್ಕೆ ಮೊದಲೇ ಗೊತ್ತುಮಾಡಿದ ಮಾನದಂಡದಂತೆ ಅಂಕ ಕೊಡುವ ರಚನಾಬದ್ಧ ಸಂದರ್ಶನದ ಮಾತು ಬೇರೆ. ಉದ್ಯೋಗದ ಆಯ್ಕೆಗಳನ್ನು ಒಟ್ಟುಗೂಡಿಸಿ ನೋಡಿದ ಶ್ಮಿಟ್ ಮತ್ತು ಹಂಟರ್ 1998ರಲ್ಲಿ ಅದರ ಸಿಂಧುತ್ವವನ್ನು (ಅಂದರೆ ಮುಂದಿನ ಕೆಲಸವನ್ನು ಅದು ಎಷ್ಟರಮಟ್ಟಿಗೆ ಊಹಿಸಬಲ್ಲದು ಎಂಬ ಅಳತೆಯನ್ನು) 0.51 ಎಂದೂ, ಮನಸ್ಸಿಗೆ ಬಂದದ್ದನ್ನು ಕೇಳುವ ಸಂದರ್ಶನದ್ದನ್ನು 0.38 ಎಂದೂ ಲೆಕ್ಕ ಹಾಕಿದರು. 2022ರಲ್ಲಿ ಸ್ಯಾಕೆಟ್ ಮತ್ತು ಸಂಗಡಿಗರು ಆ ಲೆಕ್ಕದ ವಿಧಾನವನ್ನೇ ತಿದ್ದಿದಾಗ ಎರಡೂ ಅಂಕಿಗಳು ಇಳಿದು 0.42 ಮತ್ತು 0.19ಕ್ಕೆ ಬಂದವು. ಅಂಕಿ ಇಳಿದರೂ ಅಂತರ ಹಿಗ್ಗಿದ್ದು ಕುತೂಹಲದ ಸಂಗತಿ.

ರಚನಾಬದ್ಧ ಪ್ರಶ್ನೆಗಳಲ್ಲಿ ಎರಡು ಬಗೆ. 'ಹೀಗಾದರೆ ಏನು ಮಾಡುವಿರಿ?' ಎಂಬ ಸಂದರ್ಭದ ಪ್ರಶ್ನೆಯನ್ನು ಲೇಥಮ್ ಮತ್ತಿತರರು 1980ರಲ್ಲಿ ಮುಂದಿಟ್ಟರು. 'ಹೀಗಾದಾಗ ಏನು ಮಾಡಿದಿರಿ?' ಎಂದು ನಡವಳಿಕೆಯನ್ನು ಕೆದಕುವ ಬಗೆಯನ್ನು 1982ರಲ್ಲಿ ಜಾನ್ಸ್ ಬೆಳೆಸಿದರು. ತಾಲೀಮು ಸೋಲುವುದು ಎರಡನೆಯದರಲ್ಲಿ. ಅಲ್ಲಿ ಸಂದರ್ಶಕ ಒಂದು ಪ್ರಶ್ನೆಗೆ ನಿಲ್ಲಿಸುವುದಿಲ್ಲ, 'ಆಮೇಲೆ?' ಎಂದು ಕೇಳುತ್ತ ಹೋಗುತ್ತಾನೆ.

'ಆಪ್ಟೊಮೆಟ್ರಿಯೇ ಏಕೆ, ಎಂ.ಡಿ. ಏಕಲ್ಲ?' ಎಂಬ ಮಾಮೂಲಿ ಪ್ರಶ್ನೆಯನ್ನೇ ತೆಗೆದುಕೊಳ್ಳಿ. (ಅಮೆರಿಕದ ಕನ್ನಡ ಮನೆಗಳಲ್ಲಿ ಇದನ್ನು ಸಂದರ್ಶಕರಿಗಿಂತ ಮೊದಲು ದೊಡ್ಡಪ್ಪಂದಿರೇ ಕೇಳಿರುತ್ತಾರೆ.) 'ಜನರಿಗೆ ನೆರವಾಗುವ ಆಸೆ' ಎಂಬುದು ಯಾವ ವೃತ್ತಿಗೂ ಸಲ್ಲುವ ಉತ್ತರ, ಹಾಗಾಗಿ ಅದಕ್ಕೆ ಅಂಕ ಕೊಡಲು ಏನೂ ಸಿಗುವುದಿಲ್ಲ. ಬದಲಿಗೆ ಹೀಗೊಂದು ಉತ್ತರವನ್ನು ಊಹಿಸಿಕೊಳ್ಳೋಣ. ಅಭ್ಯರ್ಥಿಯೊಬ್ಬಳು ಆಪ್ಟೊಮೆಟ್ರಿಸ್ಟರೊಬ್ಬರ ಕ್ಲಿನಿಕ್ಕಿನ ಮೂಲೆಯಲ್ಲಿ ಕೂತು ನೋಡಿದ್ದಾಳೆ. ಐವತ್ತರ ಆಸುಪಾಸಿನವನೊಬ್ಬ ಓದುವ ಕನ್ನಡಕಕ್ಕೆಂದು ಬಂದಿದ್ದಾನೆ. ದೂರದ ಚಾರ್ಟಿನ 20/20 ಸಾಲನ್ನು ತಡವರಿಸದೆ ಓದಿದ. ಹನಿ ಹಾಕಿ ಪಾಪೆ ಹಿಗ್ಗಿಸಿ ನೋಡಿದರೆ ಅಕ್ಷಿಪಟಲದಲ್ಲಿ ಅಲ್ಲಲ್ಲಿ ರಕ್ತದ ಚುಕ್ಕೆ. ಸಕ್ಕರೆ ಕಾಯಿಲೆಯ ಗುಮಾನಿಯೇ ಅವನಿಗಿಲ್ಲ. ಆಪ್ಟೊಮೆಟ್ರಿಸ್ಟ್ ಕುರ್ಚಿಯನ್ನು ಅವನ ಎದುರಿಗೆ ಎಳೆದುಕೊಂಡು, ರೋಗದ ಹೆಸರೆತ್ತುವ ಮೊದಲು, ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯೇ ಎಂದು ವಿಚಾರಿಸಿದರು. ಆಮೇಲೆ ಅವನ ವೈದ್ಯರಿಗೆ ಪತ್ರ ಬರೆದರು.

ಇದನ್ನು ನೋಡಿದವಳಿಗೆ 'ಆಮೇಲೆ?' ಎಂಬ ಪ್ರಶ್ನೆ ಕಷ್ಟವಲ್ಲ. ದೃಷ್ಟಿ ಚೆನ್ನಾಗಿದ್ದೂ ಕಣ್ಣು ಕೆಟ್ಟಿರಬಹುದು, ಆರೋಗ್ಯ ವ್ಯವಸ್ಥೆಯ ಬಾಗಿಲಿಗೆ ಹಲವರು ಮೊದಲು ಬರುವುದು ಕನ್ನಡಕದ ನೆಪದಲ್ಲಿ, ಚಿಕಿತ್ಸೆಯನ್ನು ಬೇರೆಯವರಿಗೆ ಒಪ್ಪಿಸುವುದೂ ಈ ವೃತ್ತಿಯ ಕೆಲಸ ಎಂಬ ಮೂರು ಮಾತು ಆ ಒಂದು ಪ್ರಸಂಗದಲ್ಲೇ ಇವೆ. ಹೀಗೆ ವೃತ್ತಿಯವರ ಕೆಲಸವನ್ನು ಬಳಿಯಲ್ಲಿ ಕೂತು ನೋಡುವ ಶಾಡೋಯಿಂಗ್ ಮುಗಿದ ದಿನವೇ ಕಂಡದ್ದನ್ನು, ರೋಗಿಯ ಗುರುತು ಬಿಟ್ಟು, ನಾಲ್ಕು ಸಾಲು ಬರೆದಿಟ್ಟುಕೊಳ್ಳುವುದು ನನ್ನ ದೃಷ್ಟಿಯಲ್ಲಿ ಯಾವ ಅಣಕು ಸಂದರ್ಶನಕ್ಕಿಂತಲೂ ದೊಡ್ಡ ತಯಾರಿ.

ವೃತ್ತಿಯ ಮೇರೆಯನ್ನು ಕುರಿತ ಪ್ರಶ್ನೆಗೂ ಇದೇ ಮಾತು ಸಲ್ಲುತ್ತದೆ. ಪರೀಕ್ಷೆಗೆ ಬೇಕಾದ ಔಷಧ ಬಳಸಲು ಆಪ್ಟೊಮೆಟ್ರಿಸ್ಟರಿಗೆ ಮೊದಲು ಅನುಮತಿ ಕೊಟ್ಟದ್ದು ರೋಡ್ ಐಲೆಂಡ್, 1971ರಲ್ಲಿ. ಚಿಕಿತ್ಸೆಯ ಔಷಧಕ್ಕೆ ವೆಸ್ಟ್ ವರ್ಜೀನಿಯಾ 1976ರಲ್ಲಿ ದಾರಿ ತೆರೆಯಿತು. ಒಕ್ಲಹೋಮಾ 1998ರಲ್ಲಿ ಕೆಲವು ಲೇಸರ್ ಚಿಕಿತ್ಸೆಗಳಿಗೂ ಒಪ್ಪಿತು, ಮುಂದೆ ಕೆಂಟಕಿ 2011ರಲ್ಲಿ ಆ ಹಾದಿ ಹಿಡಿಯಿತು. ಹಳ್ಳಿಗಾಡಿನ ರೋಗಿಗೆ ಹತ್ತಿರದಲ್ಲೇ ಚಿಕಿತ್ಸೆ ಸಿಗಲಿ ಎನ್ನುವುದು ಒಂದು ಪಕ್ಷ, ಶಸ್ತ್ರಚಿಕಿತ್ಸೆಗೆ ಸಾಕಷ್ಟು ಪಳಗಿದ ಕೈ ಬೇಕು ಎನ್ನುವುದು ಇನ್ನೊಂದು. ಅಭ್ಯರ್ಥಿ ಯಾವ ಪಕ್ಷ ಹಿಡಿದರೂ ನಡೆಯುತ್ತದೆ, ಎದುರು ಪಕ್ಷದ ಬಲವಾದ ಮಾತನ್ನು ಸರಿಯಾಗಿ ಹೇಳಲು ಬರಬೇಕು.

ಪ್ರಶ್ನೆಗಳ ಬಗೆಯಂತೆ ಸಂದರ್ಶನದ ಏರ್ಪಾಡೂ ಬೇರೆಯಾಗಿರಬಹುದು. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಈವಾ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಬಹು-ಕಿರುಸಂದರ್ಶನ ಪದ್ಧತಿಯಲ್ಲಿ ಅಭ್ಯರ್ಥಿ ಕೆಲವೇ ನಿಮಿಷಕ್ಕೊಮ್ಮೆ ಕೋಣೆ ಬದಲಿಸುತ್ತಾನೆ, ಪ್ರತಿ ಕೋಣೆಯಲ್ಲೂ ಬೇರೆ ಪರೀಕ್ಷಕ. ಒಬ್ಬರ ಮೆಚ್ಚುಗೆಯೋ ಮುನಿಸೋ ಇಡೀ ಫಲಿತಾಂಶವನ್ನು ಎಳೆದೊಯ್ಯದಂತೆ ಮಾಡಿದ ಏರ್ಪಾಡು ಇದು. ಕರೆ ಬಂದ ಶಾಲೆ ಯಾವ ಪದ್ಧತಿ ಅನುಸರಿಸುತ್ತದೆಂದು ಮೊದಲೇ ವಿಚಾರಿಸಿಕೊಳ್ಳುವುದು ಮೇಲು.

ಸಾಕ್ಷ್ಯದ ವಾದಕ್ಕೆ ಒಂದು ತೊಡಕೂ ಇದೆ. ಕ್ಲಿನಿಕ್ಕಿನ ಮೂಲೆಯಲ್ಲಿ ಸಂಬಳವಿಲ್ಲದೆ ಕೂರಲು ಎಲ್ಲರಿಗೂ ಪುರಸೊತ್ತಿರುವುದಿಲ್ಲ. ಬೇಸಿಗೆ ರಜೆಯಲ್ಲಿ ದುಡಿದು ಫೀಸು ಕಟ್ಟಿದವನ ಬಳಿ ಕಣ್ಣಿನ ಕತೆ ಇಲ್ಲದಿರಬಹುದು, ಅಂಗಡಿಯ ಗಲ್ಲಾದ ಮುಂದೆ ಸಿಟ್ಟಿಗೆದ್ದ ಗಿರಾಕಿಯನ್ನು ಸಮಾಧಾನಪಡಿಸಿದ ಕತೆ ಇರುತ್ತದೆ. ನಡವಳಿಕೆಯ ಪ್ರಶ್ನೆಗೆ ಅದೂ ಸಾಕ್ಷ್ಯವೇ. ಅದನ್ನು ಹಾಗೆಂದು ಗುರುತಿಸುವ ಮಾನದಂಡ ಶಾಲೆಯ ಅಂಕಪಟ್ಟಿಯಲ್ಲಿ ಇರಬೇಕು.

ಕೊನೆಯಲ್ಲಿ ಸಂದರ್ಶಕರು 'ನಿಮ್ಮ ಪ್ರಶ್ನೆ ಏನಾದರೂ ಇದೆಯೇ?' ಎಂದಾಗ 'ಏನೂ ಇಲ್ಲ' ಎನ್ನುವವರೇ ಹೆಚ್ಚು. ಕೇಳಲು ಬೇಕಾದಷ್ಟಿದೆ. ಪರವಾನಗಿಗೆ ಅಗತ್ಯವಾದ ರಾಷ್ಟ್ರೀಯ ಮಂಡಳಿಯ ಪರೀಕ್ಷೆಯಲ್ಲಿ ಶಾಲೆಯ ವಿದ್ಯಾರ್ಥಿಗಳು ತೇರ್ಗಡೆಯಾಗುವ ಪ್ರಮಾಣವನ್ನು ಶಾಲೆಗಳೇ ಪ್ರಕಟಿಸುತ್ತವೆ. ಅದನ್ನು ಮೊದಲೇ ಓದಿಕೊಂಡು ಹೋಗಿ, ಕಳೆದ ಕೆಲವು ವರ್ಷಗಳಲ್ಲಿ ಅದು ಏರಿದ್ದಕ್ಕೆ ಅಥವಾ ಇಳಿದದ್ದಕ್ಕೆ ಕಾರಣ ಕೇಳಬಹುದು. ಮೂರನೆಯ ವರ್ಷದ ವಿದ್ಯಾರ್ಥಿ ಎಷ್ಟು ರೋಗಿಗಳನ್ನು ನೋಡಿರುತ್ತಾನೆ, ಅವರಲ್ಲಿ ಮಕ್ಕಳೆಷ್ಟು, ಮುಗಿಸಿ ಹೊರಬೀಳುವಾಗ ಸರಾಸರಿ ಸಾಲವೆಷ್ಟು ಎಂಬುದನ್ನೂ ಅದೇ ಉಸಿರಿನಲ್ಲಿ ವಿಚಾರಿಸಬಹುದು.