ಎಚ್‌ಐವಿ ತಡೆ ಸೇವೆಯಲ್ಲಿ ಫಾರ್ಮಸಿಸ್ಟರ ಪೂರ್ವಗ್ರಹ: ಉಡುಪಿ ಮತ್ತು ಕರ್ನಾಟಕದ ಹಿನ್ನೆಲೆ

ಎಚ್‌ಐವಿ ತಡೆಯುವ ಗುಳಿಗೆಗಾಗಿ ಬಂದವರನ್ನು ಅವರ ಜನಾಂಗ, ಜಾತಿ, ಮೈಬಣ್ಣ, ಲಿಂಗತ್ವ ಅಥವಾ ಕಸುಬು ನೋಡಿ ಅಳೆಯುವ, ಹಾಗೆ ಅಳೆಯುತ್ತಿದ್ದೇವೆಂದು ತಮಗೇ ತಿಳಿಯದ ಮನೋಭಾವ, ಮತ್ತು ಅದನ್ನು ತಗ್ಗಿಸುವ ಪ್ರಯತ್ನಗಳ ಚರಿತ್ರೆ ಇಲ್ಲಿದೆ. ಅಮೆರಿಕದಲ್ಲಿ ಇದು ಮುಖ್ಯವಾಗಿ ಕಪ್ಪು ಜನರಿಗೆ ಸಂಬಂಧಿಸಿದ ಪ್ರಶ್ನೆ. ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಸೀಮೆಯಲ್ಲಿ ಜಾತಿ, ಬುಡಕಟ್ಟು ಮತ್ತು ಲಿಂಗತ್ವವನ್ನು ಬಿಟ್ಟು ಈ ಮಾತನ್ನು ಆಡಲಾಗದು.

ರೋಗಕ್ಕೂ ಹುಟ್ಟಿಗೂ ಗಂಟು ಹಾಕುವುದು ಇಲ್ಲಿ ಎಚ್‌ಐವಿಗಿಂತ ಬಹಳ ಹಳೆಯದು. ಅಜಲು ಪದ್ಧತಿಯಲ್ಲಿ ರೋಗಿಗಳ ಕೂದಲು, ಉಗುರು ಬೆರೆಸಿದ ಅನ್ನವನ್ನು ಇಲ್ಲಿನ ಕೊರಗ ಬುಡಕಟ್ಟಿನವರಿಗೆ ಉಣಿಸುತ್ತಿದ್ದರು. ಮನೆಯ ಕಾಯಿಲೆ ಅವರ ಮೈಗೆ ದಾಟುತ್ತದೆ ಎಂಬ ನಂಬಿಕೆ. ಈ ಅಮಾನುಷ ಪದ್ಧತಿಯನ್ನು ರಾಜ್ಯ ಸರಕಾರ ಕಾಯ್ದೆಯ ಮೂಲಕ ನಿಷೇಧಿಸಿದ್ದು 2000ದಲ್ಲಿ. ಆ ಹೊತ್ತಿಗೆ ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿಗೆ 47 ವರ್ಷ, ಅಲ್ಲಿನ ಫಾರ್ಮಸಿ ಕಾಲೇಜಿಗೆ 37 ವರ್ಷ ಆಗಿತ್ತು. ಆಧುನಿಕ ವೈದ್ಯವಿದ್ಯೆ ಊರಿಗೆ ಬಂದ ಮಾತ್ರಕ್ಕೆ ಊರಿನ ಮನಸ್ಸು ಬದಲಾಗುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಭಾರತದಲ್ಲಿ ಎಚ್‌ಐವಿ ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ. ಸುನೀತಿ ಸೊಲೊಮನ್ ಮತ್ತು ಸೆಲ್ಲಪ್ಪನ್ ನಿರ್ಮಲಾ ಅವರ ಕೆಲಸದಿಂದ. ಬೆನ್ನಿಗೇ ಭಯವೂ ಬಂತು. ಆಫ್ರಿಕಾದ ವಿದ್ಯಾರ್ಥಿಗಳನ್ನು ಕಡ್ಡಾಯ ಪರೀಕ್ಷೆಗೆ ಒಳಪಡಿಸಿ, ಸೋಂಕು ಕಂಡವರನ್ನು ದೇಶದಿಂದ ಹೊರಗೆ ಕಳಿಸಲಾಯಿತು. ಪಕ್ಕದ ಗೋವಾದಲ್ಲಿ 1989ರಲ್ಲಿ ಡೊಮಿನಿಕ್ ಡಿಸೋಜಾ ಎಂಬವರನ್ನು ಸೋಂಕಿದೆ ಎಂಬ ಒಂದೇ ಕಾರಣಕ್ಕೆ 64 ದಿನ ಕೂಡಿಹಾಕಿದರು. ಬಹಿರಂಗವಾಗಿದ್ದ ಈ ತಾರತಮ್ಯ ಮುಂದೆ ತಗ್ಗಿತು. 2004ರ ಏಪ್ರಿಲ್ 1ರಿಂದ ಸರಕಾರ ವೈರಾಣುವನ್ನು ಹತ್ತಿಕ್ಕುವ ಉಚಿತ ಎಆರ್‌ಟಿ ಚಿಕಿತ್ಸೆ ಆರಂಭಿಸಿದಾಗ ಮೊದಲ ಆರು ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಎಆರ್‌ಟಿ ಕೇಂದ್ರದ ಸಿಬ್ಬಂದಿಯಲ್ಲಿ ಫಾರ್ಮಸಿಸ್ಟ್ ಕೂಡ ಒಬ್ಬರು. ಗುಳಿಗೆ ಎಣಿಸಿ ಕೊಡುವ, ತಪ್ಪಿದ ಡೋಸಿನ ಬಗ್ಗೆ ವಿಚಾರಿಸುವ ಆ ಕೆಲವು ನಿಮಿಷಗಳಲ್ಲಿ ಅವರು ಮುಖ ಹೇಗೆ ಇಟ್ಟುಕೊಳ್ಳುತ್ತಾರೆ ಎಂಬುದರ ಮೇಲೆಯೂ ರೋಗಿ ಮುಂದಿನ ತಿಂಗಳು ಬರುವುದು ನಿಂತಿದೆ.

ಅರಿವಿಗೆ ಬಾರದ ಪೂರ್ವಗ್ರಹದ ಅಧ್ಯಯನಕ್ಕೆ 1995ರಲ್ಲಿ ತಳಹದಿ ಹಾಕಿದವರು ಮನಃಶಾಸ್ತ್ರಜ್ಞರಾದ ಆಂಥೊನಿ ಗ್ರೀನ್‌ವಾಲ್ಡ್ ಮತ್ತು ಸಿಕಂದರಾಬಾದಿನಲ್ಲಿ ಹುಟ್ಟಿದ ಮಹ್‌ಜರೀನ್ ಬಾನಾಜಿ. ಎಚ್‌ಐವಿ ಬಾರದಂತೆ ಮುಂಚಿತವಾಗಿ ಸೇವಿಸುವ ಪ್ರೆಪ್ ಗುಳಿಗೆಗೆ ಅಮೆರಿಕ ಅನುಮತಿ ಕೊಟ್ಟದ್ದು 2012ರಲ್ಲಿ. ಎರಡು ವರ್ಷಗಳ ಬಳಿಕ ಪ್ರಕಟವಾದ, ವೈದ್ಯಕೀಯ ವಿದ್ಯಾರ್ಥಿಗಳ ಮೇಲಿನ ಅಧ್ಯಯನವೊಂದು, ಗುಳಿಗೆ ಸಿಕ್ಕರೆ ಕಪ್ಪು ರೋಗಿ ಬಿಳಿಯನಿಗಿಂತ ಹೆಚ್ಚು ಸ್ವೇಚ್ಛೆಯಿಂದ ನಡೆದುಕೊಳ್ಳುತ್ತಾನೆ ಎಂದು ಆ ವಿದ್ಯಾರ್ಥಿಗಳು ಊಹಿಸಿದ್ದನ್ನೂ, ಆ ಊಹೆಯಿಂದ ಔಷಧ ಬರೆಯುವ ಮನಸ್ಸು ಕುಗ್ಗಿದ್ದನ್ನೂ ತೋರಿಸಿತು. ಕ್ಯಾಲಿಫೋರ್ನಿಯಾ 2019ರಲ್ಲಿ ಕಾನೂನು ಮಾಡಿ, ವೈದ್ಯರ ಚೀಟಿ ಇಲ್ಲದೆಯೂ ಸೀಮಿತ ಪ್ರಮಾಣದಲ್ಲಿ ಪ್ರೆಪ್ ಕೊಡುವ ಅಧಿಕಾರವನ್ನು ಫಾರ್ಮಸಿಸ್ಟರಿಗೆ ಕೊಟ್ಟ ಮೇಲೆ, ಅವರ ಪೂರ್ವಗ್ರಹವೂ ಚರ್ಚೆಯ ವಿಷಯವಾಯಿತು. ಭಾರತದಲ್ಲಿ ಪ್ರೆಪ್ ಗುಳಿಗೆಗೆ ಚೀಟಿ ಬೇಕೇ ಬೇಕು. ಆದರೆ ಚೀಟಿ ಹಿಡಿದು ಹೋಗುವುದು ಮೆಡಿಕಲ್ ಶಾಪಿಗೇ.

ಕರ್ನಾಟಕದ ದೊಡ್ಡ ಪಾಠ ಮೈಸೂರಿನದು. ಲೈಂಗಿಕ ವೃತ್ತಿಯಲ್ಲಿರುವವರು ತಾವೇ ನಡೆಸುವ ಆಶೋದಯ ಸಮಿತಿ, ಕೋಲ್ಕತ್ತದ ಸೋನಾಗಾಚಿಯ ಲೈಂಗಿಕ ವೃತ್ತಿಯವರ ದುರ್ಬಾರ್ ಸಂಘಟನೆಯಂತೆ, ದೇಶದ ಮೊದಲ ಪ್ರೆಪ್ ಪ್ರಯೋಗಗಳಲ್ಲಿ ಒಂದನ್ನು ನಡೆಸಿತು. ಅಲ್ಲಿ ಮಹಿಳೆಯರಿಗೆ ಔಷಧದ ತಿಳಿವಳಿಕೆ ಕೊಟ್ಟು ಬೆನ್ನಿಗೆ ನಿಂತವರು ಅವರ ಸಮುದಾಯದವರೇ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಪಾಲ್ಗೊಂಡ ‘ದೃಷ್ಟಿ’ ಅಧ್ಯಯನ ನರ್ಸಿಂಗ್ ವಿದ್ಯಾರ್ಥಿಗಳಿಗೂ ವಾರ್ಡ್ ಸಿಬ್ಬಂದಿಗೂ ಟ್ಯಾಬ್ಲೆಟ್‌ನಲ್ಲಿ ಪಾಠ ಕೊಟ್ಟು, ಕೊನೆಯ ಗುಂಪು ಪಾಠಕ್ಕೆ ಎಚ್‌ಐವಿಯೊಂದಿಗೆ ಬದುಕುತ್ತಿರುವವರನ್ನೇ ಸಹ ಶಿಕ್ಷಕರಾಗಿ ಕೂರಿಸಿತು. ಇದು ಸರಿಯಾದ ದಾರಿ. ಒಳಮನಸ್ಸಿನ ಒಲವು ತಿದ್ದುವ ಚಿಕ್ಕ ತರಬೇತಿಗಳ ಪರಿಣಾಮ ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಕೆಲವು ದಿನಗಳಲ್ಲಿ ಮಾಸುತ್ತದೆ ಎಂದು 2016ರ ಅಮೆರಿಕದ ಅಧ್ಯಯನವೊಂದು ತೋರಿಸಿದೆ. ಎದುರು ಕೂತು ಮಾತನಾಡಿದ ಮನುಷ್ಯನನ್ನು ಅಷ್ಟು ಬೇಗ ಮರೆಯುವುದು ಕಷ್ಟ.

ಫಾರ್ಮಸಿ ಶಿಕ್ಷಣವೂ ರೋಗಿಯ ಕಡೆಗೆ ತಿರುಗಿದೆ. ಆರು ವರ್ಷದ ಫಾರ್ಮಸಿ ಕೋರ್ಸಾದ ಫಾರ್ಮ್‌ ಡಿ 2008ರಲ್ಲಿ ಬಂತು; ಅದರ ಕೊನೆಯ ವರ್ಷ ಆಸ್ಪತ್ರೆಯಲ್ಲೇ ಕಳೆಯುತ್ತದೆ. ಫಾರ್ಮಸಿ ಶಿಕ್ಷಣದ 2020ರ ನಿಯಮಾವಳಿ ಡಿಪ್ಲೊಮಾಕ್ಕೆ ಸೋಷಿಯಲ್ ಫಾರ್ಮಸಿ ಎಂಬ ವಿಷಯವನ್ನು ಸೇರಿಸಿತು.

ಕಾನೂನಿನ ಬಲ ಬಂದದ್ದು 2018ರ ಸೆಪ್ಟೆಂಬರ್ 10ರಂದು ಜಾರಿಯಾದ ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆಯಿಂದ. ಸೋಂಕಿತರಿಗೆ ಆರೋಗ್ಯ ಸೇವೆ ನಿರಾಕರಿಸುವುದನ್ನು ಅದು ನಿಷೇಧಿಸುತ್ತದೆ. ಆದರೆ ತಡೆ ಗುಳಿಗೆ ಕೇಳುವವರು ಸೋಂಕಿತರಲ್ಲ. ಅವರನ್ನು ಕಾಡುವುದು ಜಾತಿ, ಲಿಂಗತ್ವ, ಕಸುಬಿನ ಮೇಲಿನ ತೀರ್ಪು. ಇನ್ನೊಂದು ಕೊರತೆಯೂ ಇದೆ. ದೂರು ಅಧಿಕಾರಿಯನ್ನು ನೇಮಿಸಲೇಬೇಕಾದದ್ದು 20 ಅಥವಾ ಹೆಚ್ಚು ಮಂದಿ ಇರುವ ಆರೋಗ್ಯ ಸಂಸ್ಥೆಗಳು ಮಾತ್ರ. ಮಣಿಪಾಲದ ದೊಡ್ಡ ಆಸ್ಪತ್ರೆ ಈ ಲೆಕ್ಕಕ್ಕೆ ಬರುತ್ತದೆ. ಕಾಪು, ಕಾರ್ಕಳದ ಪೇಟೆಯಲ್ಲಿ ಇಬ್ಬರು ಮೂವರು ಸೇರಿ ನಡೆಸುವ ಮೆಡಿಕಲ್ ಶಾಪ್ ಬರುವುದಿಲ್ಲ. ಅಲ್ಲಿ ಅವಮಾನಗೊಂಡ ಸೋಂಕಿತರು ಇದೇ ಕಾಯ್ದೆಯಡಿ ನೇಮಕವಾಗುವ ರಾಜ್ಯದ ಓಂಬುಡ್ಸ್‌ಮನ್‌ಗೇ ದೂರು ಕೊಡಬೇಕು.